ಎಲ್ಲಾ ಸೇರಿಸಿ ಒಂದೇ ಡಿವಿಡಿ ಮಾಡ್ಬಿಡಿ!

ಅಲ್ಲಾ ಸ್ವಾಮಿ, ಮಗಳ ಮದುವೆ ವಿಡಿಯೋನೆಲ್ಲ ಜೋಡಿಸಿ ಡಿವಿಡಿ ಮಾಡ್ಬೇಕು ಅಂತ ಓಡಾಡ್ತಿದ್ದೀರಂತೆ? ಮಾಡಿ ಮಾಡಿ. ಊರಲ್ಲಿರೋ ದೊಡ್ಡಮ್ಮಂಗೆ ಫೋನಿನ ಪುಟ್ಟ ಪರದೆ ಕಾಣಲ್ಲ, ಅವರ ಡಿವಿಡಿ ಪ್ಲೇಯರ್ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. (ಅದರ ಮೇಲೆ ಹೊದಿಸಿರೋ ಕ್ರೋಷಾ ಬಟ್ಟೆ ಸಮೇತ.) ಸರಿ, ಸರಕು ಏನೇನಿದೆ ತೆಗೀರಿ ನೋಡೋಣ.

ಓಹೋ! ವಿಡಿಯೋದವರು ಕೊಟ್ಟ ಪೆನ್‌ಡ್ರೈವು, ಭಾವಮೈದ ತೆಗೆದ ಕ್ಲಿಪ್ಪುಗಳು, ವಾಟ್ಸಾಪಲ್ಲಿ ನಾಲ್ಕು ಗ್ರೂಪು ಸುತ್ತಿ ಸೊರಗಿ ಬಂದ ಆರತಕ್ಷತೆ ಡ್ಯಾನ್ಸು. ಫೋನನ್ನ ಅಡ್ಡ ಹಿಡೀರಪ್ಪಾ ಅಂದ್ರೆ ಕೇಳಿದ್ರಾ? ಈಗ ಟಿವಿಯ ಎರಡೂ ಕಡೆ ಕಪ್ಪು ಗೋಡೆ, ನಡುವಿನ ಸಂದಿಯಲ್ಲಿ ಹುಡುಗ, ಹುಡುಗಿ, ಮತ್ತೆ ನಿಮ್ಮ ಹೆಬ್ಬೆರಳು.

"ಜೋಡ್ಸೋದೇನ್ ಮಹಾ, ಒಂದರ ಹಿಂದೊಂದು ಹಾಕಿದ್ರಾಯ್ತು" ಅಂತೀರಿ. ಆಗುತ್ತೆ, ಕೋಡೆಕ್ಕು, ರೆಸಲ್ಯೂಶನ್ನು, ಫ್ರೇಮ್ ರೇಟು ಎಲ್ಲಾ ಜಾತಕದ ಥರ ಕೂಡಿಬಂದ್ರೆ. ಇಲ್ಲಾಂದ್ರೆ ಮೊದಲು ಎಲ್ಲವನ್ನೂ ಒಂದೇ ಅಳತೆಗೆ ಕನ್ವರ್ಟ್ ಮಾಡ್ಬೇಕು. ನಮ್ಮ ಕಡೆಯ ಪಾಲ್ ಡಿವಿಡಿ ಕೇಳೋದು ಎಂಪೆಗ್-2, 720 × 576, ಸೆಕೆಂಡಿಗೆ 25 ಫ್ರೇಮು. ಫೋರ್‌ಕೆನಲ್ಲಿ ತೆಗೆದಿದ್ದೀನಿ ಅಂತ ಮೀಸೆ ತಿರುವಿದ್ರಲ್ಲ, ಅದನ್ನೂ ಇಷ್ಟಕ್ಕೇ ಕುಗ್ಗಿಸ್ಬೇಕು!

ಇನ್ನು ಫೋನಿನ ಕಿತಾಪತಿ. ಬೆಳಕು ಕಮ್ಮಿಯಾದ್ರೆ ಫ್ರೇಮ್ ರೇಟನ್ನ ತಾನೇ ಇಳಿಸ್ಕೊಳ್ಳೋದೂ ಉಂಟು. ಅದನ್ನ ಸಮ ಮಾಡದೆ ಜೋಡಿಸಿದ್ರೋ, ಚಿತ್ರ ಒಂದು ದಾರಿ, ಶಬ್ದ ಒಂದು ದಾರಿ. ತಾಳಿ ಕಟ್ಟಿ ಎಲ್ಲರೂ ಕೈ ತೊಳೆಯೋಕೆ ಎದ್ಮೇಲೆ ಗಟ್ಟಿಮೇಳ!

ಇದೆಲ್ಲ ಬಿಡಿ, ಡಿವಿಡಿಸ್ಟೈಲರ್ ಥರದ ಪುಕ್ಕಟೆ ಸಾಫ್ಟ್‌ವೇರು ನೋಡ್ಕೊಳ್ಳುತ್ತೆ. ನಿಜವಾದ ತಾಪತ್ರಯ ನೀವೇ. ಒಂದು ಪದರದ ಡಿವಿಡಿ ಅಂದ್ರೆ 4.7 ಜಿಬಿ (ಕಂಪ್ಯೂಟರ್ ಅದನ್ನೇ 4.37 ಅಂತ ತೋರಿಸುತ್ತೆ, ಅಂಗಡಿಯವನ ಜೊತೆ ಜಗಳಕ್ಕೆ ಹೋಗ್ಬೇಡಿ). ಚೆನ್ನಾಗಿ ಕಾಣ್ಬೇಕಾದ್ರೆ ಹೆಚ್ಚುಕಮ್ಮಿ ಎರಡು ಗಂಟೆ. ನಿಮ್ಮ ಹತ್ರ ಇರೋದು ಆರು ಗಂಟೆ. ಈಗ ಹೇಳಿ, ಯಾವುದನ್ನ ಕತ್ತರಿಸೋಣ?

ವರಪೂಜೆ? ಛೆ ಛೆ. ಕಾಶಿಯಾತ್ರೆ? ಛತ್ರಿ ಹಿಡಿದವನು ನಿಮ್ಮ ತಮ್ಮನ ಮಗ. ಊಟದ ಪಂಕ್ತಿ? ಅದೊಂದೇ ಮುಕ್ಕಾಲು ಗಂಟೆ, ಕ್ಯಾಮೆರಾ ಬಂದ ತಕ್ಷಣ ಎಲ್ಲರೂ ಹೋಳಿಗೆ ಬಾಯಲ್ಲೇ ಇಟ್ಕೊಂಡು ನಗ್ತಾರೆ. ಆರತಕ್ಷತೆ ಕ್ಯೂ ಅಂತೂ ಮುಟ್ಟೋ ಹಾಗೇ ಇಲ್ಲ, ಯಾರ ಕವರು ಎಷ್ಟು ದಪ್ಪ ಅಂತ ನೀವು ಪಾಸ್ ಒತ್ತಿ ನೋಡ್ಬೇಕಲ್ಲ! (ಹೌದು ತಾನೆ? ಯಾರಿಗೂ ಹೇಳಲ್ಲ, ಬಿಡಿ.)

ಆರು ಗಂಟೇನೂ ತುರುಕಿದ್ರೆ ಬಿಟ್‌ರೇಟು ನೆಲ ಕಚ್ಚುತ್ತೆ, ಡ್ಯಾನ್ಸ್ ಶುರುವಾದ್ರೆ ಮುಖವೆಲ್ಲ ಚೌಕ ಚೌಕ. ಡಬಲ್ ಲೇಯರ್ ತಗೊಂಡ್ರೆ 8.5 ಜಿಬಿ, ಆರು ಗಂಟೆಗೆ ಅದೂ ಸಾಲಲ್ಲ. ಮೂರು ಡಿಸ್ಕಿಗೆ ಹಂಚಿ ಅಂದ್ರೆ ಒಪ್ಪಲ್ವಲ್ಲ ನೀವು?

ಆಮೇಲೆ ಎಂಪಿ4 ಫೈಲನ್ನೇ ಡಿಸ್ಕಿಗೆ ಎಳೆದು ಹಾಕಿ ಆಯ್ತು ಅನ್ನಬೇಡಿ. ಎಷ್ಟೋ ಪ್ಲೇಯರ್‌ಗಳಿಗೆ ಅದು ಅರ್ಥವಾಗಲ್ಲ, 'ವಿಡಿಯೋ-ಟಿಎಸ್' ಫೋಲ್ಡರೇ ಬೇಕು. ಆ ಫೋಲ್ಡರ್ ತೆಗೆದು ನೋಡಿದ್ರೆ ತಮಾಷೆ: ನೀವು ಬೆವರು ಸುರಿಸಿ ಜೋಡಿಸಿದ್ದನ್ನ ಡಿವಿಡಿ ಮತ್ತೆ 1 ಜಿಬಿ ಮೀರದ ವಿಓಬಿ ಫೈಲುಗಳಾಗಿ ತುಂಡು ಮಾಡಿಟ್ಟಿರುತ್ತೆ! ಗಾಬರಿ ಬೇಡ, ಪ್ಲೇಯರ್ ಒಂದೇ ಸಮನೆ ಓಡಿಸುತ್ತೆ.

ಬೀಗರಿಗೂ ಒಂದು ಪ್ರತಿ ಕೊಡ್ತೀರಾ? ಹಾಗಾದ್ರೆ ಭಾವಮೈದನ ಕ್ಲಿಪ್ಪುಗಳನ್ನ ಇಯರ್‌ಫೋನ್ ಹಾಕ್ಕೊಂಡು ಒಂದ್ಸಲ ಕೇಳಿ. ಅವರು ತಂದ ಸೀರೆ ಬಗ್ಗೆ ಮಂಟಪದ ಹಿಂದೆ ನೀವು ಪಿಸುಗುಟ್ಟಿದ್ದಿದೆಯಲ್ಲ, ಮೈಕಿಗೆ ಸೊಗಸಾಗಿ ಸಿಕ್ಕಿದೆ. ಡಿವಿಡಿ-ಆರ್‌ ಮೇಲೆ ಒಮ್ಮೆ ಬರ್ನ್ ಆದದ್ದು ಅಳಿಸೋಕಾಗಲ್ಲ!