ನಿರ್ಜಲ ನೌಕಾವಿಹಾರ ಮೀಮಾಂಸೆ

ಹಡಗಿಗೆ ಸಮುದ್ರ ಬೇಕು, ಹಡಗುವಿಹಾರಕ್ಕೆ ಬೇಡ. ಇದು ಈ ಪ್ರಬಂಧದ ಪ್ರತಿಜ್ಞಾವಾಕ್ಯ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ನಾಲ್ಕು ತಾಲ್ಲೂಕುಗಳನ್ನು ಪ್ರಮಾಣವಾಗಿಟ್ಟುಕೊಂಡು ಇದನ್ನು ಸಾಧಿಸಲಾಗುವುದು.

‘ಸಮುದ್ರವನ್ನೇ ಕಾಣದ ಜಿಲ್ಲೆಯವನಿಗೆ ಕ್ರೂಸ್ ಬಗ್ಗೆ ಬರೆಯುವ ಅಧಿಕಾರವೆಲ್ಲಿಂದ ಬಂತು?’ ಎಂದು ಮಂಗಳೂರು ಕಡೆಯ ವಿದ್ವಾಂಸರು ಆಕ್ಷೇಪ ಎತ್ತಬಹುದು. ಸಮಾಧಾನ ಹೀಗೆ: ಪಣಂಬೂರಿನ ದಡದಲ್ಲಿ ಬೆಳೆದವನಿಗೆ ನೀರಿನ ಮೇಲೆ ಪಕ್ಷಪಾತ ಇದ್ದೇ ಇರುತ್ತದೆ. ನಮಗೆ ಆ ದೋಷ ಅಂಟಿಲ್ಲ. ನಮಗೆ ಹತ್ತಿರದ ಅಲೆ ಚೆನ್ನೈಯದು, ಇನ್ನೂರು ಕಿಲೋಮೀಟರಿಗೂ ಆಚೆ. ಪಾಲಾರ್, ದಕ್ಷಿಣ ಪಿನಾಕಿನಿ ಎಂಬ ನದಿಗಳು ಜಿಲ್ಲೆಯ ನಕ್ಷೆಯಲ್ಲಿ ತಪ್ಪದೆ ಹರಿಯುತ್ತವೆ. ನಕ್ಷೆಯ ಹೊರಗೆ ಹರಿಯುವುದು ಬಿಡುವುದು ಅವುಗಳ ಮರ್ಜಿ. ಜಿಲ್ಲೆಗೆ ಬಂದ ಏಕೈಕ ಸಮುದ್ರವೆಂದರೆ ಶಿವನಸಮುದ್ರ. ಅದು 1902ರಲ್ಲಿ ವಿದ್ಯುತ್ತಾಗಿ ತಂತಿಯ ಮೇಲೆ ಬಂತು, ನೆಟ್ಟಗೆ ಕೆಜಿಎಫ್ ಗಣಿಗಳಿಗೆ ಹೋಯಿತು. ನಮ್ಮ ಹಳ್ಳಿಗಳು ಆ ಸಮುದ್ರವನ್ನೂ ದೂರದಿಂದಲೇ ನೋಡಿದವು.

ಲಕ್ಷಣಾಧಿಕರಣ

ಕ್ರೂಸ್ ಎಂದರೇನು? ‘ನೀರಿನ ಮೇಲೆ ತೇಲುವುದು’ ಎಂದರೆ ಅತಿವ್ಯಾಪ್ತಿ. ಹುಳಿಸಾರಿನ ಮೇಲಿನ ಒಗ್ಗರಣೆ ಮೆಣಸಿನಕಾಯಿಗೂ ಆ ಲಕ್ಷಣ ಒಪ್ಪುತ್ತದೆ. ‘ಎಲ್ಲಿಗೋ ಹೋಗುವುದು’ ಎಂದರೆ ಅದೂ ನಿಲ್ಲುವುದಿಲ್ಲ. ಬಹಳಷ್ಟು ವಿಹಾರಗಳು ಹತ್ತಿಸಿಕೊಂಡ ಬಂದರಿಗೇ ತಂದು ಇಳಿಸುತ್ತವೆ. ಆದ್ದರಿಂದ ನಿರ್ದುಷ್ಟ ಲಕ್ಷಣ: ‘ಎಲ್ಲಿಗೂ ಹೋಗುವ ಕೆಲಸವಿಲ್ಲದವರು ಒಂದೇ ಸೂರಿನಡಿ ಸೇರಿ, ಹೊತ್ತಿಗೂ ಹೊತ್ತಲ್ಲದ ಹೊತ್ತಿಗೂ ತಿಂದು, ನಡುನಡುವೆ ಕುಣಿತ ನೋಡುವುದು.’ ಇದರಲ್ಲಿ ನೀರಿನ ಸುದ್ದಿಯೇ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು.

ದೃಷ್ಟಾಂತ ಬೇಕೆನ್ನುವವರಿಗೆ: 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾತ್ರೆ ಹೊರಟ ‘ಐಕನ್ ಆಫ್ ದ ಸೀಸ್’ ಹಡಗಿನ ಉದ್ದ 365 ಮೀಟರ್, ಅಂತಸ್ತು 20, ತುಂಬಿದರೆ ಪ್ರಯಾಣಿಕರು 7,600. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಗ್ರಾಮ ಪಂಚಾಯಿತಿ, ಸೋತ ಅಭ್ಯರ್ಥಿಗಳ ಸಮೇತ. ಅದರೊಳಗೆ ಏಳು ಈಜುಕೊಳ. ಸಮುದ್ರದ ಮೇಲೆ ಕೂತವನಿಗೆ ಮುಳುಗೇಳಲು ಬೇರೆ ನೀರು ಒದಗಿಸಬೇಕಾಗಿದೆ ಎಂದ ಮೇಲೆ, ಕೆಳಗಿನ ನೀರು ವಿಹಾರದ ಅಂಗವಲ್ಲ, ಬರೀ ರಸ್ತೆ ಎಂದು ಸಿದ್ಧವಾಯಿತು. ರಸ್ತೆಗೆ ಮುಳಬಾಗಿಲಿನಲ್ಲೇನು ಕಡಿಮೆ? ಚೆನ್ನೈ ಕಡೆಗೆ ಹೋಗುವ ಹೆದ್ದಾರಿಯೇ ಇದೆ.

ಚರಿತ್ರೆಯನ್ನು ಬೇಗ ಮುಗಿಸೋಣ. 1844ರಲ್ಲಿ ಪಿ ಅಂಡ್ ಓ ಕಂಪನಿ, ಕಲ್ಕತ್ತೆಯಲ್ಲಿ ಹುಟ್ಟಿದ ಕಾದಂಬರಿಕಾರ ಥ್ಯಾಕರೆಯನ್ನು ಪುಕ್ಕಟೆಯಾಗಿ ಮೆಡಿಟರೇನಿಯನ್ ಸುತ್ತಿಸಿತು. ಆತ ಋಣ ತೀರಿಸಲು ಒಂದು ಪುಸ್ತಕ ಬರೆದ. (ಪುಕ್ಕಟೆ ಕರೆದೊಯ್ದರೆ ಇದಕ್ಕಿಂತ ದಪ್ಪ ಪುಸ್ತಕ ಬರೆಯಬಲ್ಲವರು ಕೋಲಾರದಲ್ಲಿದ್ದಾರೆಂಬುದನ್ನು ಹಡಗು ಕಂಪನಿಗಳು ಗುರುತು ಹಾಕಿಕೊಳ್ಳಲಿ.) ವಿಹಾರಕ್ಕೆಂದೇ ಕಟ್ಟಿದ ಮೊದಲ ಹಡಗು ಜರ್ಮನಿಯ ‘ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸೆ’ 1900ರಲ್ಲಿ ನೀರಿಗಿಳಿದು, 1906ರಲ್ಲಿ ಜಮೈಕಾದ ದಡದಲ್ಲಿ ಬಂಡೆ ಹತ್ತಿತು. ಆ ಕಾಲದಲ್ಲಿ ನಮ್ಮ ಜಿಲ್ಲೆಯಿಂದ ಮೊದಲ ದರ್ಜೆಯ ಮರ್ಯಾದೆಯಲ್ಲಿ ಹಡಗು ಹತ್ತುತ್ತಿದ್ದುದು ಚಿನ್ನ. ಜಾನ್ ಟೇಲರ್ ಕಂಪನಿಯವರು ಅಗೆದು ತೆಗೆದದ್ದು ಲಂಡನ್ನಿಗೆ ಹೋಯಿತು. ಅದು ಊಟ ಕೇಳಲಿಲ್ಲ, ಮನರಂಜನೆ ಕೇಳಲಿಲ್ಲ, ವಾಪಸು ಟಿಕೆಟ್ಟನ್ನಂತೂ ಯಾರೂ ತೆಗೆಸಿರಲಿಲ್ಲ.

ಭೋಜನಾಧಿಕರಣ

ಹಡಗಿನ ಮುಖ್ಯ ಊಟದ ಹಾಲಿನಲ್ಲಿ ರಾತ್ರಿಯೂಟಕ್ಕೆ ಮೊದಲ ಸರದಿ, ಎರಡನೇ ಸರದಿ ಎಂಬ ಪದ್ಧತಿ ಬಹುಕಾಲದಿಂದ ಇದೆ. ಇದನ್ನು ಪಾಶ್ಚಾತ್ಯರ ಕಾಣಿಕೆ ಎನ್ನುವವರು ಮಾಲೂರಿನ ಯಾವುದಾದರೂ ಕಲ್ಯಾಣ ಮಂಟಪಕ್ಕೆ ಮುಹೂರ್ತದ ದಿನ ಹನ್ನೆರಡೂವರೆಗೆ ಬರಬೇಕು. ಮೊದಲ ಪಂಕ್ತಿಯ ಎಲೆಗೆ ಪಾಯಸ ಬಿದ್ದ ಗಳಿಗೆಯಲ್ಲೇ ಎರಡನೇ ಪಂಕ್ತಿಯವನು ಉಣ್ಣುವವನ ಬೆನ್ನ ಹಿಂದೆ ನಿಲ್ಲುತ್ತಾನೆ. ಅನ್ನ–ಸಾರಿಗೆ ಕೆಮ್ಮುತ್ತಾನೆ. ಮಜ್ಜಿಗೆ ಬರುವ ಹೊತ್ತಿಗೆ ಕುರ್ಚಿಯ ಬೆನ್ನಿನ ಮೇಲೆ ಕೈಯಿರುತ್ತದೆ. ಉಣ್ಣುವವನು ಎರಡನೇ ಸಲ ಮಜ್ಜಿಗೆ ಕೇಳಿದರೆ ಆ ಕೈ ಕುರ್ಚಿಯನ್ನು ಮೆಲ್ಲಗೆ ಅಲ್ಲಾಡಿಸುತ್ತದೆ. ಹಡಗಿನಲ್ಲಿ ಮೇಜಿನ ನಂಬರನ್ನು ಮೊದಲೇ ಚೀಟಿಯಲ್ಲಿ ಬರೆದುಕೊಡುತ್ತಾರಂತೆ. ಅಲ್ಲಿ ಹಸಿವಿದೆ, ಪುರುಷಪ್ರಯತ್ನವಿಲ್ಲ.

ಇನ್ನು ಬಫೆ. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ 15ನೇ ಶತಮಾನದ ಶ್ರೀಪಾದರಾಜರ ವೃಂದಾವನವಿದೆ. ಅವರು ನಿತ್ಯ ದೇವರಿಗೆ ಅರವತ್ತು ಬಗೆಯ ಭಕ್ಷ್ಯ–ಶಾಕಗಳನ್ನು ನಿವೇದಿಸುತ್ತಿದ್ದರೆಂದು ಪ್ರತೀತಿ. ಅರವತ್ನಾಲ್ಕು ಎಂಬ ಪಾಠಾಂತರವೂ ಉಂಟು. ಮಿಕ್ಕ ನಾಲ್ಕು ಚಟ್ನಿಗಳಿರಬೇಕೆಂದು ಲೇಖಕನ ಊಹೆ. ಅದೇನೇ ಇರಲಿ, ಕೊಲಂಬಸ್ ಹಾಯಿ ಬಿಚ್ಚುವ ಹೊತ್ತಿಗೆ ಮುಳಬಾಗಿಲಿನಲ್ಲಿ ಬಫೆಯ ತತ್ತ್ವ ನೆಲೆಗೊಂಡಿತ್ತು. ವ್ಯತ್ಯಾಸ ಒಂದೇ. ಇಲ್ಲಿ ಮೊದಲು ಉಂಡವನು ಕೃಷ್ಣ. ಅವನು ತಟ್ಟೆ ತುಂಬಾ ಹಾಕಿಕೊಂಡು ಅರ್ಧ ಬಿಟ್ಟು ಎದ್ದ ಕಥೆಯನ್ನು ಯಾವ ದಾಸರೂ ಹೇಳಿಲ್ಲ.

ಮುಳಬಾಗಿಲು ದೋಸೆಯ ಮಾತು ಬೇರೆ. ಅಗಲದಲ್ಲಿ ಸಣ್ಣದು, ದಪ್ಪದಲ್ಲಿ ಉದಾರಿ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ತುಪ್ಪ. ಇದನ್ನು ಬಫೆಯ ಬಿಸಿತಟ್ಟೆಯಲ್ಲಿ ಮುಚ್ಚಿಟ್ಟರೆ ಹತ್ತು ನಿಮಿಷದಲ್ಲಿ ಬೆವರಿ ಸೋಲುತ್ತದೆ. ಬಫೆಯಲ್ಲಿ ತಿಂಡಿ ಮನುಷ್ಯನನ್ನು ಕಾಯುತ್ತದೆ. ಮುಳಬಾಗಿಲಿನಲ್ಲಿ ಮನುಷ್ಯ ತಿಂಡಿಯನ್ನು ಕಾಯುತ್ತಾನೆ, ಕಾವಲಿಯಿಂದ ಕಣ್ಣು ಕೀಳದೆ. ರುಚಿಯಲ್ಲಿ ಅರ್ಧಪಾಲು ಆ ಕಾಯುವಿಕೆಯದು. ಇಷ್ಟನ್ನು ಮಾತ್ರ ಲೇಖಕ ಹಾಸ್ಯವಿಲ್ಲದೆ ಹೇಳುತ್ತಿದ್ದಾನೆ. (ಬಂಗಾರಪೇಟೆ ಪಾನಿಪುರಿಯ ಬಣ್ಣವಿಲ್ಲದ ಖಾರದ ನೀರಿನ ಬಗ್ಗೆ ಹೇಳಬೇಕಿತ್ತು, ಅದು ನಮ್ಮ ನಾಲ್ಕು ತಾಲ್ಲೂಕುಗಳ ಗಡಿಯಾಚೆಗಿರುವುದರಿಂದ ನಾಲಿಗೆ ಕಚ್ಚಿಕೊಂಡಿದ್ದೇನೆ.)

ಶಾಸ್ತ್ರಕ್ಕೆ ಪ್ರತ್ಯಕ್ಷ ಪ್ರಮಾಣವೂ ಬೇಕಲ್ಲ. ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಮಾವಿನ ತೋಟವಿರುವ ಒಬ್ಬ ತಾಯಿಯನ್ನು ಸಿಂಗಪುರದ ಮಗಳು–ಅಳಿಯ ನಾಲ್ಕು ದಿನದ ಹಡಗುವಿಹಾರಕ್ಕೆ ಕರೆದೊಯ್ದಿದ್ದರು. ಅವರನ್ನು ಸಂದರ್ಶಿಸಲಾಯಿತು. ಮಾಹಿತಿದಾರರು ಪದೇಪದೇ ವಿಷಯಾಂತರ ಮಾಡಿದ್ದರಿಂದ ಸಂಶೋಧನೆಗೆ ಅಡಚಣೆಯಾಯಿತು. ಮಾದರಿಗೆ:

‘ಊಟ ಹೇಗಿತ್ತಮ್ಮ?’

‘ಊಟಕ್ಕೇನಪ್ಪ, ಬೇಕಾದಂಗಿತ್ತು. ಮುದ್ದೆ ಒಂದಿರ್ಲಿಲ್ಲ. ಆದ್ರೆ ಆ ನೀರು ಕಣಪ್ಪಾ…’

‘ನೀರು ಇರಲಿ. ಮಾವಿನಹಣ್ಣು ಇಟ್ಟಿದ್ದರಾ?’

‘ಇಟ್ಟಿದ್ರು, ಐಸಿನ ಮೇಲೆ ತೆಳ್ಳಗೆ ಕೊಯ್ದು. ಬಾದಾಮಿನೂ ಅಲ್ಲ, ರಸಪುರಿನೂ ಅಲ್ಲ. ಯಾವ ತೋಟದ್ದು ಅಂತ ಕೇಳಿದ್ರೆ ಆ ಹುಡುಗಿ ನಕ್ಕೊಂಡು ಇನ್ನೆರಡು ಹೋಳು ಹಾಕಿದ್ಳು. ನಾನು ಕೇಳಿದ್ದು ಹೋಳಲ್ಲ ತಾಯಿ, ಅಡ್ರೆಸ್ಸು ಅಂದೆ.’

ಹಣ್ಣಿನ ವಿಳಾಸ ಕೇಳುವುದು ಶ್ರೀನಿವಾಸಪುರದವರ ಜನ್ಮಸಿದ್ಧ ಹಕ್ಕು. ತಿನ್ನುವವರಿಲ್ಲದೆ ರಾಶಿ ಬೀಳುವ ಹಣ್ಣು ಬಫೆಯಲ್ಲಿ ವೈಭವ, ಇಲ್ಲಿ ಸಂಕಟ. 2025ರ ಜೂನ್‌ನಲ್ಲಿ ಕರ್ನಾಟಕದ ತೋತಾಪುರಿ ಒಳಗೆ ಬರಕೂಡದೆಂದು ಗಡಿಯಾಚೆಯ ಚಿತ್ತೂರು ಜಿಲ್ಲಾಡಳಿತ ತಡೆದಾಗ ಶ್ರೀನಿವಾಸಪುರ ಬಂದ್ ಆಯಿತು. ಇದಕ್ಕೆ ತಿರುಗುಮುರುಗಾಗಿ 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೇಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಆ ವಾರ ಯಾವನಾದರೂ ತಟ್ಟೆಯ ಅಂಚಿಗೆ ಅಲಂಕಾರಕ್ಕೆಂದು ಟೊಮೇಟೊ ಬಿಲ್ಲೆ ಇಟ್ಟಿದ್ದರೆ ಅದನ್ನು ಆಭರಣವೆಂದೇ ಎಣಿಸಬೇಕಿತ್ತು.

ಕುಡಿಯುವ ನೀರಿನ ವಿಷಯದಲ್ಲಿ ಹಡಗಿಗೂ ಕೋಲಾರಕ್ಕೂ ಸಂಪೂರ್ಣ ಅಭೇದ. ಹಡಗು ಉಪ್ಪುನೀರನ್ನು ಕಾಯಿಸಿಯೋ, ಆರ್‌ಓ ಪೊರೆಯಲ್ಲಿ ಒತ್ತಿಯೋ ಕುಡಿಯುವ ನೀರು ಮಾಡಿಕೊಳ್ಳುತ್ತದೆ. ನಮ್ಮ ಹಳ್ಳಿಗಳು ಸಾವಿರದೈನೂರು ಅಡಿ ಆಳದ ಫ್ಲೋರೈಡ್ ನೀರನ್ನು ಅದೇ ಪೊರೆಯಲ್ಲಿ ಒತ್ತುತ್ತವೆ. ಶುದ್ಧ ನೀರಿನ ಘಟಕಕ್ಕೆ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನು ತುಂಬುತ್ತದೆ. ಒಬ್ಬರ ಸುತ್ತ ನೀರೋ ನೀರು, ಇನ್ನೊಬ್ಬರ ಸುತ್ತ ಬಂಡೆಯೋ ಬಂಡೆ. ಯಂತ್ರ ಒಂದೇ.

ಕೋಲಾಹಲಾಧಿಕರಣ

ಕೋಲಾರಕ್ಕೆ ಗಂಗರ ಕಾಲದಲ್ಲಿ ಕುವಲಾಲಪುರವೆಂದು ಹೆಸರು. ಕೋಲಾಹಲಪುರವೆಂದು ಹೇಳುವವರೂ ಇದ್ದಾರೆ. ಹಡಗಿನ ಮನರಂಜನೆಯ ಸಾರಸರ್ವಸ್ವ ಕೋಲಾಹಲವೇ ಆದ್ದರಿಂದ ನಮಗೆ ಎರಡನೆಯ ನಿರುಕ್ತಿ ಅನುಕೂಲ. ಅನುಕೂಲವಾದ ನಿರುಕ್ತಿಯೇ ಸರಿಯಾದ ನಿರುಕ್ತಿ ಎಂಬುದು ಸ್ಥಳನಾಮ ಸಂಶೋಧಕರೆಲ್ಲರ ಅಂತರಂಗದ ಸೂತ್ರ. ಕ್ರೂಸ್ ಜಾಹೀರಾತುಗಳಲ್ಲಿ ‘ಫುಲ್ ಮಸ್ತಿ’ ಎಂಬ ಪ್ರಯೋಗವಿದೆ. ಇದನ್ನು ಓದಿದ ಮಾಲೂರಿನವನಿಗೆ ಗೊಂದಲವಾಗುವುದು ಸಹಜ: ಮಾಸ್ತಿ ಅವನ ತಾಲ್ಲೂಕಿನ ಊರು, ಜ್ಞಾನಪೀಠ ಪಡೆದ ಕಥೆಗಾರರ ಊರು. ಬಸ್ಸೂ ಇದೆ, ಅದು ಬಹಳ ಸಲ ಫುಲ್ಲೂ ಇರುತ್ತದೆ.

ಹಡಗಿನ ರಂಗಮಂದಿರದ ಆಟ ಮುಕ್ಕಾಲು ಗಂಟೆಗೆ ಮುಗಿಯುತ್ತದೆ, ಏಕೆಂದರೆ ಎರಡನೇ ಸರದಿಯವರು ಬಾಗಿಲಲ್ಲಿರುತ್ತಾರೆ. ನಮ್ಮ ಕಡೆ ಕುರುಕ್ಷೇತ್ರ ನಾಟಕ ರಾತ್ರಿ ಶುರುವಾದರೆ ದುರ್ಯೋಧನ ಸಾಯುವ ಹೊತ್ತಿಗೆ ಹಾಲಿನ ಡೈರಿಯ ಕ್ಯೂ ನಿಂತಿರುತ್ತದೆ. ಅರ್ಥಶಾಸ್ತ್ರದ ದೃಷ್ಟಿಯಿಂದ ಒಂದು ದೊಡ್ಡ ಭೇದವಿದೆ. ಹಡಗಿನಲ್ಲಿ ನೋಡುವವನು ದುಡ್ಡು ಕೊಡುತ್ತಾನೆ. ನಮ್ಮಲ್ಲಿ ಆಡುವವನು ಕೊಡುತ್ತಾನೆ. ಕೃಷ್ಣನ ಪಾರ್ಟಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು, ಸೈನಿಕನಿಗೆ ಇಷ್ಟು ಎಂದು ಹಾರ್ಮೋನಿಯಂ ಮೇಷ್ಟ್ರು ಬರೆಸಿಕೊಳ್ಳುತ್ತಾರೆ. ದುಡ್ಡು ಕಟ್ಟಿದವನು ಗದೆ ಇಳಿಸುವುದಿಲ್ಲ. ತೊಡೆ ಮುರಿದ ಮೇಲೂ ಎರಡು ಹಾಡು ಬಾಕಿಯಿರುತ್ತವೆ. ತೆರೆದ ಡೆಕ್ಕಿನಲ್ಲಿ ನಕ್ಷತ್ರಗಳ ಕೆಳಗೆ ಸಂಗೀತ ಬೇಕೆನ್ನುವವರಿಗೆ ಕೋಲಾರದ ತೇರಹಳ್ಳಿ ಬೆಟ್ಟದ ‘ಆದಿಮ’ ಸಾಂಸ್ಕೃತಿಕ ಕೇಂದ್ರದಲ್ಲಿ ‘ಹುಣ್ಣಿಮೆ ಹಾಡು’ ಎಂಬ ಕಾರ್ಯಕ್ರಮವೇ ಇದೆ. ಬಂಡೆಯ ಮೇಲೆ ಕೂತರೆ ಹೊಟ್ಟೆ ತೊಳಸುವುದಿಲ್ಲ.

ಜೂಜಿನ ಪ್ರಶ್ನೆ ಸೂಕ್ಷ್ಮ. ದಡದ ಕಾನೂನಿನ ಎಲ್ಲೆ ದಾಟಿದ ಮೇಲೆಯೇ ಹಡಗಿನ ಕ್ಯಾಸಿನೋ ಬಾಗಿಲು ತೆರೆಯುವುದು. 2022ರಲ್ಲಿ ಚೆನ್ನೈನಿಂದ ಹೊರಟ ವಿಹಾರದ ಹಡಗೊಂದನ್ನು ಪುದುಚೇರಿಯವರು ಜೂಜಿನ ಕಾರಣ ಹೇಳಿ ದಡ ಮುಟ್ಟಗೊಡಲಿಲ್ಲ. ನಂಗಲಿಯಾಚೆ ಕೂಗಳತೆಯಲ್ಲಿ ಆಂಧ್ರವಿರುವ ಮುಳಬಾಗಿಲಿನ ಅಂದರ್–ಬಾಹರ್ ಪಂಡಿತರಿಗೆ ಈ ಎಲ್ಲೆಯ ಸಿದ್ಧಾಂತವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಟಿಪ್ಸ್ ಎಂಬ ದಕ್ಷಿಣೆಯ ವಿಚಾರ. ಅನೇಕ ಹಡಗುಗಳಲ್ಲಿ ತಲೆಗೆ ದಿನಕ್ಕೆ ಇಷ್ಟೆಂದು ಸೇವಾಶುಲ್ಕ ಬಿಲ್ಲಿಗೆ ತಾನೇ ಸೇರಿಕೊಳ್ಳುತ್ತದೆ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳೆ. ಅಲ್ಲಿ ನೆಲದೊಳಗಿನ ಹುಂಡಿಗೆ ಕಾಣಿಕೆ ಹಾಕಿದವನಿಗೆ ಚೇಳು ಕುಟುಕುವುದಿಲ್ಲವೆಂದು ನಂಬಿಕೆ. ಎರಡೂ ಮುಂಜಾಗ್ರತೆಯ ಕಾಣಿಕೆಗಳೇ. ಆದರೆ ಚೇಳಮ್ಮನಿಗೆ ಹಾಕಿದವನು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾನೆ. ಹಡಗಿನವನಿಗೆ ಕೊನೆಯ ಬೆಳಿಗ್ಗೆ ಬಾಗಿಲ ಕೆಳಗೆ ತೂರಿಬಂದ ಬಿಲ್ಲಿನಲ್ಲಿ ಕೊಂಡಿ ಕಾಣಿಸುತ್ತದೆ.

ಶೇಷ

ಇಷ್ಟಕ್ಕೆ ಪ್ರಬಂಧ ಮುಗಿದು ಪದವಿ ಸಿಗಬೇಕಿತ್ತು. ಎರಡು ವಿರುದ್ಧ ಪ್ರಮಾಣಗಳು ಅಡ್ಡ ಬಂದಿವೆ; ಮುಚ್ಚಿಡುವುದು ಸಂಶೋಧಕನಿಗೆ ಧರ್ಮವಲ್ಲ.

ಒಂದು: 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಜಿಲ್ಲೆಗೆ ಬಂತು. ಬೆಂಗಳೂರು ಉಂಡು, ತೊಳೆದು, ಚೆಲ್ಲಿದ್ದನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಪಂಪು ಮಾಡುತ್ತಾರೆ. ಮೂರನೇ ಹಂತವೂ ಆಗಲಿ ಎಂದು ಇಲ್ಲಿಯವರು ಕೂಗುತ್ತಲೇ ಇದ್ದಾರೆ. ರಾಜಧಾನಿಯ ಎರಡನೇ ಪಂಕ್ತಿಯಲ್ಲಿ ಕೂತವರಿಗೆ ಮೂರನೇ ಸಲ ಬಡಿಸೆಂದು ಕೇಳುವ ಹಕ್ಕಿದೆಯೆಂದೇ ಲೇಖಕನ ಮತ. ಲಕ್ಷ್ಮೀಸಾಗರದ ಕೆರೆ ಮೊದಲು ತುಂಬಿತು. ‘ನಿರ್ಜಲ’ ಎಂಬ ನನ್ನ ಶೀರ್ಷಿಕೆ ಆವತ್ತೇ ಒದ್ದೆಯಾಗಿತ್ತು.

ಎರಡನೆಯದು ಇನ್ನೂ ಕಷ್ಟ. 2021ರ ನವೆಂಬರ್ ಮಳೆಗೆ ಕೆರೆಗಳು ಸಾಲುಸಾಲಾಗಿ ಕೋಡಿ ಬಿದ್ದವು. ಪಾಲಾರ್ ನಕ್ಷೆಯಿಂದ ಎದ್ದು ಬಂದು ಹರಿದಳು. ಜನ ಟ್ರ್ಯಾಕ್ಟರಿನಲ್ಲಿ, ಬೈಕಿನಲ್ಲಿ ಮೂರುಮೂರು ಮಂದಿ, ಅಜ್ಜಿಯರನ್ನು ಕೂರಿಸಿಕೊಂಡು ಕೋಡಿ ನೋಡಲು ಬಂದರು. ಜನ ಬಂದಲ್ಲಿ ಬಜ್ಜಿಗಾಡಿಯೂ ಬಂತು. ನನ್ನ ಸಿದ್ಧಾಂತದ ಪ್ರಕಾರ ಅವರು ನೀರಿಗೆ ಬೆನ್ನು ಮಾಡಿ ಬಜ್ಜಿ ತಿನ್ನಬೇಕಿತ್ತು. ನಾನು ನಿಂತಿದ್ದ ಕಡೆ ಯಾರೂ ಗಾಡಿಯತ್ತ ತಿರುಗಲಿಲ್ಲ. ಅರಿಶಿನ ಕುಂಕುಮ ಹಾಕಿದರು, ಬಾಗಿ ಮುಟ್ಟಿದರು, ಸುಮ್ಮನೆ ನಿಂತರು. ಬಜ್ಜಿಯವನೇ ಒಲೆ ಸಣ್ಣ ಮಾಡಿ ಕಟ್ಟೆ ಹತ್ತಿಬಿಟ್ಟ.

ಆದ್ದರಿಂದ ಮಾಹಿತಿದಾರರ ವಿಷಯಾಂತರವೆಂದು ಹೊಡೆದುಹಾಕಿದ್ದ ಭಾಗವನ್ನು ಮತ್ತೆ ಸೇರಿಸಲೇಬೇಕಾಗಿದೆ.

‘ಎಲ್ಲಾರೂ ತಿನ್ನಾಕೆ ಒಳಕ್ಕೆ ಹೋಗಿದ್ರಪ್ಪ. ನಾನೊಬ್ಳೇ ಕಂಬಿ ಹಿಡ್ಕೊಂಡು ನಿಂತಿದ್ದೆ. ನಮ್ಮ ತೋಟದಾಗೆ ಆರು ಬೋರು ಕೊರೆಸಿದ್ವಿ, ಐದರಲ್ಲಿ ಬರೀ ಧೂಳು ಎದ್ದಿದ್ದು. ಇಲ್ಲಿ ನೋಡಿದ್ರೆ ಕಣ್ಣು ಸಾಲಲ್ಲ, ಅಷ್ಟು ನೀರು. ಬಿಳೀ ಬಟ್ಟೆ ಹುಡುಗ ಒಬ್ಬ ಬಂದ, ತೆಲುಗು ಬರ್ತಿತ್ತು ಅವನಿಗೆ. ಏನಪ್ಪಾ, ಇದು ಎಷ್ಟು ಅಡಿಗೆ ಸಿಕ್ತು ಅಂತ ಕೇಳ್ದೆ.’

‘ಏನಂದ?’

‘ಒಳಗೆ ಹೋಗಮ್ಮ, ಊಟ ಮುಗಿದೋಗ್ತದೆ ಅಂದ.’