ಬಣ್ಣ ಒಂದು, ಪಟ್ಟಿ ಎರಡು

ಎರಡು ವಿಮಾನ ಕಂಪನಿಗಳು ಒಂದಾದಾಗ ಮೊದಲು ಕೆಲಸ ಸಿಗುವುದು ಪೇಂಟರ್‌ಗೆ. ಪೈಲಟ್‌ಗಳ ಸರದಿ ಹತ್ತು ವರ್ಷದ ನಂತರ, ಅದೂ ಕೋರ್ಟು ಮನಸ್ಸು ಮಾಡಿದರೆ.

ಸರ್ಕಾರದಿಂದಲೇ ಶುರು ಮಾಡೋಣ. ದುಡ್ಡು ನಮ್ಮದಾದ್ದರಿಂದ ಆಡಿಕೊಳ್ಳುವ ಹಕ್ಕೂ ನಮ್ಮದೇ. 2005ರ ಡಿಸೆಂಬರಿನಲ್ಲಿ ಇಂಡಿಯನ್ ಏರ್‌ಲೈನ್ಸ್‌ಗೆ ತನ್ನ ಹೆಸರು ಉದ್ದವಾಯಿತು ಅನ್ನಿಸಿತು. ‘ಏರ್‌ಲೈನ್ಸ್’ ಕತ್ತರಿಸಿ ಬರೀ ‘ಇಂಡಿಯನ್’ ಆಯಿತು. ಬಾಲಕ್ಕೆ ಕಿತ್ತಳೆ ಬಣ್ಣ, ಅದರ ಮೇಲೆ ಕೋನಾರ್ಕದ ಚಕ್ರ. ವಿಮಾನಗಳನ್ನು ಹ್ಯಾಂಗರಿಗೆ ಎಳೆದು ಒಂದೊಂದಾಗಿ ಬಣ್ಣ ಬಳಿದರು. ಅದು ಒಣಗುವಷ್ಟರಲ್ಲಿ 2007 ಬಂತು, ಏರ್ ಇಂಡಿಯಾ ಜೊತೆ ವಿಲೀನವಾಯಿತು, ಉಳಿದಿದ್ದ ‘ಇಂಡಿಯನ್’ ಕೂಡ ಹೋಯಿತು. ಚಕ್ರವನ್ನು ಎಸೆಯಲು ಮನಸ್ಸು ಬರಲಿಲ್ಲವೇನೋ, ಹೊಸ ಲಾಂಛನದ ಕೆಂಪು ಹಂಸದೊಳಗೆ ಅದನ್ನು ಸೇರಿಸಿದರು. ಒಟ್ಟು ಕಂಪನಿಗೆ ನ್ಯಾಷನಲ್ ಏವಿಯೇಷನ್ ಕಂಪನಿ ಆಫ್ ಇಂಡಿಯಾ ಲಿಮಿಟೆಡ್, ಚಿಕ್ಕದಾಗಿ ನ್ಯಾಸಿಲ್ ಎಂದು ನಾಮಕರಣ. ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಕೆಮ್ಮಿಗೆ ಕೊಟ್ಟುಬಿಡುವಂಥ ಹೆಸರು.

2007ರಲ್ಲಿ ವಿಲೀನಕ್ಕೆ ಒಳ್ಳೆಯ ಮುಹೂರ್ತವಿತ್ತೆಂದು ಕಾಣುತ್ತದೆ. ಅದೇ ವರ್ಷ ಜೆಟ್ ಏರ್‌ವೇಸ್ 1,450 ಕೋಟಿ ರೂಪಾಯಿಗೆ ಸಹಾರಾವನ್ನು ಕೊಂಡು ಜೆಟ್‌ಲೈಟ್ ಮಾಡಿತು. ಅದೇ ವರ್ಷ ನಮ್ಮ ಬೆಂಗಳೂರಿನಲ್ಲಿ ವಿಜಯ್ ಮಲ್ಯ ಅವರು ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್‌ಗೆ ಕೈ ಹಾಕಿದರು. ಮೂರು ಜೋಡಿ, ಮೂವರಿಗೂ ಅಕ್ಷತೆ ಹಾಕಿದವರು ಸಲಹೆಗಾರರು. ಕಿಂಗ್‌ಫಿಶರ್ 2012ರಲ್ಲಿ ನೆಲಕ್ಕಿಳಿಯಿತು, ಜೆಟ್ 2019ರಲ್ಲಿ. ಮೂರನೆಯದು ಸರ್ಕಾರದ್ದಾದ್ದರಿಂದ ನೆಲಕ್ಕಿಳಿಯುವ ಸ್ವಾತಂತ್ರ್ಯವೂ ಅದಕ್ಕಿರಲಿಲ್ಲ.

ಡೆಕ್ಕನ್ ಕತೆಯನ್ನು ಕನ್ನಡಿಗರು ಮರೆಯಬಾರದು. ಒಂದು ರೂಪಾಯಿ ಟಿಕೆಟ್ ತೋರಿಸಿ, ರೈಲಿನ ಕ್ಯೂನಲ್ಲಿ ನಿಂತವನನ್ನು ವಿಮಾನಕ್ಕೆ ಕರೆದ ಕಂಪನಿ ಅದು. ಅದರ ಗುರುತು ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’. ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಬರೆದ, ಚೌಕಳಿ ಕೋಟು ತೊಟ್ಟ, ಜೀವಮಾನದಲ್ಲಿ ಒಂದು ಮಾತೂ ಆಡದ ಮನುಷ್ಯ. ಮಾತಾಡದವನನ್ನು ಎಬ್ಬಿಸುವುದು ಸುಲಭ. 2008ರ ಆಗಸ್ಟಿನಲ್ಲಿ ಡೆಕ್ಕನ್ ಹೋಗಿ ಕಿಂಗ್‌ಫಿಶರ್ ರೆಡ್ ಬಂತು, ಶ್ರೀಸಾಮಾನ್ಯನ ಸೀಟಿನಲ್ಲಿ ಮಿಂಚುಳ್ಳಿ ಬಂದು ಕೂತಿತು.

ಆದರೆ ಮಲ್ಯ ಅವರಿಗೆ ಬೇಕಾಗಿದ್ದು ಡೆಕ್ಕನ್‌ನ ಹೆಸರಲ್ಲ, ವಿಮಾನವಲ್ಲ, ಅದರ ವಯಸ್ಸು. ವಿದೇಶಕ್ಕೆ ಹಾರಲು ಐದು ವರ್ಷ ಹಳೆಯ ಕಂಪನಿಯಾಗಿರಬೇಕು, 20 ವಿಮಾನ ಇರಬೇಕು ಎಂಬ ನಿಯಮ ಆಗ ಇತ್ತು. ಕಿಂಗ್‌ಫಿಶರ್ ಹುಟ್ಟಿದ್ದು 2005ರಲ್ಲಿ, ಡೆಕ್ಕನ್ ಹಾರಿದ್ದು 2003ರ ಆಗಸ್ಟಿನಲ್ಲಿ. ಆದ್ದರಿಂದ ಕಾಗದದ ಮೇಲೆ ಡೆಕ್ಕನ್ ಕಿಂಗ್‌ಫಿಶರನ್ನು ನುಂಗಿತು. ನುಂಗಿದ ಮೇಲೆ ತನ್ನ ಹೆಸರನ್ನು ಕಿಂಗ್‌ಫಿಶರ್ ಎಂದು ಬದಲಿಸಿಕೊಂಡಿತು. ತಿಂದವನೇ ತಿಂಡಿಯಾದ ಈ ಪವಾಡದ ಮರುತಿಂಗಳು, 2008ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನಿಂದ ಲಂಡನ್‌ಗೆ ವಿಮಾನ ಹಾರಿತು. ಪ್ರಾಯ ಕಡಿಮೆ ತೋರಿಸಲು ಕೋಟಿ ಸುರಿಯುವ ಶ್ರೀಮಂತರನ್ನು ಕಂಡಿದ್ದೇವೆ. ಹೆಚ್ಚು ತೋರಿಸಲು ಸುರಿದವರು ಇವರೊಬ್ಬರೇ ಇರಬೇಕು. ಮುಂದಿನದು ಗೊತ್ತೇ ಇದೆ: ಸಂಬಳವಿಲ್ಲದ ತಿಂಗಳುಗಳು, ಮುಷ್ಕರ, 2012ರ ಅಕ್ಟೋಬರಿನಲ್ಲಿ ಬಾಗಿಲು. ಲಂಡನ್ ದಾರಿ ಮಾತ್ರ ಮಾಲೀಕರಿಗೆ ಆಮೇಲೂ ಉಪಯೋಗಕ್ಕೆ ಬಂತು.

ಹೆಸರು, ಹಕ್ಕಿ, ಚಕ್ರದ ವಿಷಯ ಇಷ್ಟು ಸಾಕು. ಅಸಲಿ ಜಗಳ ಇರುವುದು ಸೀನಿಯಾರಿಟಿ ಪಟ್ಟಿಯಲ್ಲಿ.

ಒಂದೇ ಛತ್ರದಲ್ಲಿ ಎರಡು ಮದುವೆ ಬಿದ್ದಿವೆ, ಊಟದ ಹಾಲ್ ಒಂದೇ ಅಂದುಕೊಳ್ಳಿ. ಮೊದಲ ಪಂಕ್ತಿಗೆ ಯಾರು? ಮೊದಲು ಕೂತವನಿಗೆ ಹೋಳಿಗೆ ಮೇಲೆ ಕೈ ಬಿಚ್ಚಿ ತುಪ್ಪ, ನಾಲ್ಕನೇ ಪಂಕ್ತಿಗೆ ಸಾರೂ ನೀರು. ಪೈಲಟ್‌ನ ಬಾಳು ಆ ಪಂಕ್ತಿಯದು. ದೊಡ್ಡ ವಿಮಾನ ಯಾರಿಗೆ, ಫಸ್ಟ್ ಆಫೀಸರ್ ಕ್ಯಾಪ್ಟನ್ ಆಗುವುದು ಯಾವಾಗ, ಯುಗಾದಿಗೆ ರಜೆ ಯಾರಿಗೆ ಎಂಬುದೆಲ್ಲ ಪಟ್ಟಿಯಲ್ಲಿ ಎಷ್ಟನೆಯವನು ಅನ್ನುವುದರ ಮೇಲೆ. ಸೇರಿದ ದಿನ ಒಂದು ಸಾಲು ಹಿಡಿದವನ ಮುಂದೆ ಹದಿನೈದು ವರ್ಷದ ಮೇಲೆ ಇನ್ನೊಂದು ದಿಬ್ಬಣವೇ ಬಂದು ಕೂತರೆ ಅವನು ಎಲೆ ಮಡಚದೆ ಇನ್ನೇನು ಮಾಡಿಯಾನು?

ಏರ್ ಇಂಡಿಯಾದಲ್ಲಿ ಇಬ್ಬರೂ ಮಡಚಿದರು. 2011ರಲ್ಲಿ ಹಳೆಯ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ‘ಅವರಷ್ಟೇ ಸಂಬಳ ನಮಗೂ ಕೊಡಿ’ ಎಂದು ಸುಮಾರು ಹತ್ತು ದಿನ ಮುಷ್ಕರ ಹೂಡಿದರು. 2012ರಲ್ಲಿ ಹಳೆಯ ಏರ್ ಇಂಡಿಯಾ ಪೈಲಟ್‌ಗಳು ‘ಡ್ರೀಮ್‌ಲೈನರ್ ತರಬೇತಿ ಅವರಿಗೇಕೆ’ ಎಂದು 58 ದಿನ ಕೂತರು. ಸೊಗಸು ನೋಡಿ, ಆ ಡ್ರೀಮ್‌ಲೈನರ್ ಇನ್ನೂ ದೇಶಕ್ಕೆ ಬಂದಿರಲೇ ಇಲ್ಲ. ಬಾರದ ವಿಮಾನದ ಸೀಟಿಗಾಗಿ ಇದ್ದ ವಿಮಾನಗಳು ನಿಂತವು. ನಡುವೆ ಇಬ್ಬರನ್ನೂ ಹೊಂದಿಸಲು ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿ ಕೂತು ಎದ್ದಿತು. ವಿಲೀನವಾಗಿ ಆಗಲೇ ಐದು ವರ್ಷ. ಬಾಲಗಳೆಲ್ಲ ಒಂದೇ ಬಣ್ಣ, ಒಳಗಿನವರು ಮಾತ್ರ ‘ಅವರು’ ಮತ್ತು ‘ನಾವು’.

ಇದು ಭಾರತದ ಜಗಳಗಂಟತನ ಎಂದು ನೊಂದುಕೊಳ್ಳಬೇಡಿ. ಅಮೆರಿಕದಲ್ಲಿ 2005ರಲ್ಲಿ ಅಮೆರಿಕ ವೆಸ್ಟ್ ಮತ್ತು ಯುಎಸ್ ಏರ್‌ವೇಸ್ ಒಂದಾದವು. ಪಟ್ಟಿ ಬೆಸೆಯಲು ನಿಕೊಲಾವ್ ಎಂಬ ಮಧ್ಯಸ್ಥಗಾರರನ್ನು ಕೂಡಿಸಿದರು, 2007ರಲ್ಲಿ ಅವರು ತೀರ್ಪು ಕೊಟ್ಟರು. ಪೂರ್ವದ, ಅಂದರೆ ಹಳೆಯ ಯುಎಸ್ ಏರ್‌ವೇಸ್‌ನ ಪೈಲಟ್‌ಗಳು ತೀರ್ಪು ಒಪ್ಪದೆ ತಮ್ಮ ಸಂಘವನ್ನೇ ಬದಲಿಸಿದರು. ವರ್ಷಗಟ್ಟಲೆ ಪೂರ್ವದ ಕ್ಯಾಪ್ಟನ್ ಪಕ್ಕದಲ್ಲಿ ಪಶ್ಚಿಮದ ಕೋ–ಪೈಲಟ್ ಕೂರುವಂತಿರಲಿಲ್ಲ. ಒಂದೇ ಕಂಪನಿ, ಒಂದೇ ಸಮವಸ್ತ್ರ, ಕಾಕ್‌ಪಿಟ್ ಮಾತ್ರ ಬೇರೆ ಬೇರೆ. ಅಮೆರಿಕನ್ ಏರ್‌ಲೈನ್ಸ್ ಜೊತೆ ಇನ್ನೊಂದು ವಿಲೀನವಾಗಿ ಒಟ್ಟು ಪಟ್ಟಿ ಬರುವ ಹೊತ್ತಿಗೆ 2016. ಅಲ್ಲಿಯದೇ ಇನ್ನೊಂದು: ಅಲಾಸ್ಕಾ ಏರ್‌ಲೈನ್ಸ್ 2016ರಲ್ಲಿ ವರ್ಜಿನ್ ಅಮೆರಿಕವನ್ನು ಕೊಂಡು ಆ ಹೆಸರನ್ನು ಕೈಬಿಟ್ಟಿತು. ಬಿಟ್ಟರೂ ಬಿಡದೀ ಮಾಯೆ. ವರ್ಷಕ್ಕೆ ಸುಮಾರು 80 ಲಕ್ಷ ಡಾಲರ್ ರಾಯಧನವನ್ನು 2039ರವರೆಗೆ ಕೊಡಬೇಕು ಎಂದು ಲಂಡನ್ನಿನ ಕೋರ್ಟು ಹೇಳಿತು. ಬಳಸದ ಹೆಸರಿಗೆ ಬಾಡಿಗೆ.

ಈಗ ಟಾಟಾ ಕಾಲಕ್ಕೆ ಬರೋಣ. 2022ರ ಜನವರಿಯಲ್ಲಿ ಏರ್ ಇಂಡಿಯಾ ಮನೆಗೆ ಮರಳಿತು. ಮನೆಯಲ್ಲಿ ಆಗಲೇ ಬೆಂಗಳೂರಿನ ಏರ್‌ಏಷ್ಯಾ ಇಂಡಿಯಾ, ಸಿಂಗಪುರದವರ ಪಾಲಿದ್ದ ವಿಸ್ತಾರ ಇದ್ದವು, ಕೊಚ್ಚಿಯ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಜೊತೆಯಲ್ಲೇ ಬಂತು. ನಾಲ್ಕನ್ನು ಎರಡು ಮಾಡುವ ಲೆಕ್ಕ 2024ರ ಅಕ್ಟೋಬರ್, ನವೆಂಬರಿನಲ್ಲಿ ಮುಗಿಯಿತು. ಕಲಾಭಿರುಚಿಗೆ ಕೊರತೆಯಿಲ್ಲ. ಎಕ್ಸ್‌ಪ್ರೆಸ್ ವಿಮಾನಗಳ ಬಾಲಕ್ಕೆ ಬಾಂಧನಿ, ಪಟೋಲ, ಕಲಂಕಾರಿ ವಿನ್ಯಾಸ. ಬಾಲಕ್ಕೆ ಸೀರೆ ಉಡಿಸಿದ್ದಾಯಿತು, ಒಳಗಿದ್ದವರಿಗೆ ಜ್ವರ ಬಂತು.

ನಿಜವಾಗಿ ಜ್ವರವೇ. 2024ರ ಏಪ್ರಿಲ್ ಹೊತ್ತಿಗೆ ವಿಸ್ತಾರದ ಪೈಲಟ್‌ಗಳು ಒಬ್ಬೊಬ್ಬರಾಗಿ ಹಾಸಿಗೆ ಹಿಡಿದರು. ತಿಂಗಳಿಗೆ 70 ಗಂಟೆ ಹಾರಾಟದ ಖಾತರಿ ಸಂಬಳ ಇದ್ದದ್ದು, ಏರ್ ಇಂಡಿಯಾಕ್ಕೆ ಹೊಂದಿಸಲೆಂದು 40 ಗಂಟೆಗೆ ಇಳಿದಿತ್ತು. ದಿನಕ್ಕೆ 25–30 ಹಾರಾಟ ಕಡಿತವಾಯಿತು. ಮೇ ತಿಂಗಳಲ್ಲಿ ಸೋಂಕು ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿಗೆ ಹರಡಿತು. 200ಕ್ಕೂ ಹೆಚ್ಚು ಗಗನಸಖಿಯರು, ಸಖರು ಏಕಕಾಲಕ್ಕೆ ಅಸ್ವಸ್ಥ. ಕಂಪನಿ 25 ಮಂದಿಯನ್ನು ಮನೆಗೆ ಕಳಿಸಿತು. ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಎದುರು ಮಾತುಕತೆಯಾಗಿ ಅವರನ್ನು ವಾಪಸ್ ತೆಗೆದುಕೊಳ್ಳಲು ಒಪ್ಪಿದ್ದೇ ತಡ, ಎಲ್ಲರಿಗೂ ಬೆವರು ಬಿಟ್ಟು ಜ್ವರ ಇಳಿಯಿತು. ಕಾರ್ಮಿಕ ಆಯುಕ್ತರಿಗೆ ಎಂಬಿಬಿಎಸ್ ಗೌರವ ಪದವಿ ಕೊಡಲು ಯಾವ ವಿಶ್ವವಿದ್ಯಾಲಯಕ್ಕೂ ಹೊಳೆಯಲಿಲ್ಲ.

ವಿಸ್ತಾರದ ಗತಿ ಇನ್ನೂ ನಾಜೂಕು. ಅದನ್ನು ಜನ ಇಷ್ಟಪಡುತ್ತಿದ್ದರು. ವಿಲೀನದ ಲೆಕ್ಕದಲ್ಲಿ ಅದು ದೊಡ್ಡ ಅಡಚಣೆ. 2024ರ ನವೆಂಬರ್ 12ರಿಂದ ಹೆಸರು ಇಲ್ಲ, ಬದನೆಕಾಯಿ ಬಣ್ಣ ಕಾಲಕ್ರಮೇಣ ಇಲ್ಲ. ಉಳಿದದ್ದು ಒಂದು ಅಂಕಿ. ಹಳೆಯ ಯುಕೆ 955 ವಿಮಾನ ಎಐ 2955 ಆಯಿತು. ಮುಂದೆ 2 ಇದ್ದರೆ ಒಳಗೆ ಹಳೆಯ ಸೀಟು, ಹಳೆಯ ಸಿಬ್ಬಂದಿ, ಹಳೆಯ ಕಾಫಿ ಎಂಬ ಗುಟ್ಟು ಪ್ರಯಾಣಿಕರ ಬಾಯಿಂದ ಬಾಯಿಗೆ ಹೋಯಿತು. ಒಂದು ಬ್ರ್ಯಾಂಡ್ ಕಟ್ಟಲು 2015ರಿಂದ ಪಟ್ಟ ಪಾಡೆಲ್ಲ ಕೊನೆಗೆ ಒಂದು ಎರಡಕ್ಕೆ ಇಳಿಯಿತು.

ಇನ್ನು ಬೇಸ್. ಇದರ ಬಗ್ಗೆ ಪತ್ರಿಕಾ ಪ್ರಕಟಣೆ ಬರುವುದಿಲ್ಲ. ಪೈಲಟ್‌ನ ಡ್ಯೂಟಿ ಶುರುವಾಗಿ ಮುಗಿಯುವ ಊರೇ ಬೇಸ್. ಬೇಸ್‌ನ ಹೊರಗೆ ರಾತ್ರಿ ಕಳೆದರೆ ಹೋಟೆಲು, ಭತ್ಯೆ. ಬೇಸ್‌ನಲ್ಲಿ ಕಳೆದರೆ ಮನೆ. ಮನೆ ಅಲ್ಲಿಲ್ಲ ಎಂದರೆ ಅದು ನಿಮ್ಮ ಖಾಸಗಿ ಸಮಸ್ಯೆ. ಎರಡು ಕಂಪನಿಯ ವಿಮಾನಗಳು ಬೆಳಗ್ಗೆ ಒಂದೇ ಹೊತ್ತಿಗೆ ಒಂದೇ ಊರಿಗೆ ಏಳುತ್ತಿದ್ದರೆ ವಿಲೀನದ ನಂತರ ಒಂದು ಸಾಕು. ಇನ್ನೊಂದು ರಾತ್ರಿ ತಂಗುವ ಊರು ಬದಲಾಗುತ್ತದೆ, ಅದರ ಹಿಂದೆ ಕ್ಯಾಪ್ಟನ್ನು, ಕ್ಯಾಪ್ಟನ್ನಿನ ಹಿಂದೆ ಗ್ಯಾಸ್ ಸಿಲಿಂಡರು, ವಾಷಿಂಗ್ ಮಷಿನ್ನು. ಅಮೆರಿಕದ ಸೇಂಟ್ ಲೂಯಿಸ್, ಸಿನ್‌ಸಿನಾಟಿ, ಮೆಂಫಿಸ್ ನಗರಗಳು ಹೀಗೇ ವಿಲೀನದ ಕೆಲವು ವರ್ಷಗಳಲ್ಲಿ ಬಡವಾದವು. ನಮ್ಮಲ್ಲಿ ಕಟ್ಟಡಗಳಿಗೂ ವರ್ಗಾವಣೆ ಉಂಟು. ಏರ್ ಇಂಡಿಯಾದ ಕೇಂದ್ರ ಕಚೇರಿ ನಾರಿಮನ್ ಪಾಯಿಂಟ್ ಬಿಟ್ಟು ದೆಹಲಿಗೆ, ದೆಹಲಿ ಬಿಟ್ಟು ಗುರುಗ್ರಾಮಕ್ಕೆ ಹೋಯಿತು. ಕೊಚ್ಚಿಯ ಕಚೇರಿಯೂ ಬೆಂಗಳೂರಿನ ಕಚೇರಿಯೂ ಅದರ ಹಿಂದೆಯೇ ಗಂಟುಮೂಟೆ ಕಟ್ಟಿದವು. ಯಾರೂ ಯಾರನ್ನೂ ನೋಡಲು ವಿಮಾನ ಹತ್ತಬೇಕಿಲ್ಲ ಎಂಬುದು ವಿಮಾನ ಕಂಪನಿಯ ಉಳಿತಾಯ.

ಹಠ ಹಿಡಿದು ಬೆಂಗಳೂರಿನಲ್ಲೇ ಮನೆ ಇಟ್ಟುಕೊಂಡವನಿಗೆ ಸ್ಟಾಫ್ ಟಿಕೆಟ್ ಇದೆಯಲ್ಲ. ಅದರ ಮೇಲೆ ‘ಸಬ್ಜೆಕ್ಟ್ ಟು ಲೋಡ್’ ಎಂದಿರುತ್ತದೆ. ಸೀಟು ಮಿಕ್ಕರೆ ಮಾತ್ರ. ವಿಮಾನ ಓಡಿಸುವವನು ಕೆಲಸಕ್ಕೆ ಹೋಗುವುದು ಪ್ರಯಾಣಿಕರು ಕಡಿಮೆ ಬಂದರೆ, ಕಡಿಮೆ ಬಂದರೆ ಕಂಪನಿ ನಷ್ಟದಲ್ಲಿ, ನಷ್ಟವಾದರೆ ಮತ್ತೊಂದು ವಿಲೀನ.

ಹೀಗೊಬ್ಬ ಕ್ಯಾಪ್ಟನ್ ಇದ್ದಾನೆಂದು ಊಹಿಸಿ. 2003ರಲ್ಲಿ ಡೆಕ್ಕನ್ ಸೇರಿದ, 2008ರಲ್ಲಿ ಕಿಂಗ್‌ಫಿಶರ್ ರೆಡ್ ಆದ, 2012ರಲ್ಲಿ ಮನೆಯಲ್ಲಿ ಕೂತ, 2014ರಲ್ಲಿ ಏರ್‌ಏಷ್ಯಾದ ಕೆಂಪು ತೊಟ್ಟ, ಈಗ ಎಕ್ಸ್‌ಪ್ರೆಸ್ಸಿನವನು. ಬೀರುವಿನಲ್ಲಿ ನಾಲ್ಕು ಸಮವಸ್ತ್ರ. ಇಷ್ಟು ಕಂಪನಿ ಬದಲಾದರೂ ವಿಜಯನಗರದ ಮನೆಯೊಂದು ಬದಲಾಗಿಲ್ಲ. ಒಂದು ಸಂಜೆ ಬೇಸ್ ಬದಲಾದ ಇ–ಮೇಲ್ ಬರುತ್ತದೆ.

“ಏನ್ರೀ ಅದು?”

“ಬೇಸ್ ದೆಹಲಿಗೆ ಹಾಕಿದಾರೆ.”

“ಮಗಳು ಎಸ್ಸೆಸ್ಸೆಲ್ಸಿ. ಅಲ್ಲಿ ಉಳಿಯೋದೆಲ್ಲಿ?”

“ಮೊದಲು ಸ್ವಲ್ಪ ದಿನ ಹೋಟೆಲ್ ಕೊಡ್ತಾರಂತೆ.”

“ಆಮೇಲೆ?”

“ಆಮೇಲೆ ಅದು ನಮ್ಮೂರಂತೆ.”