ಕೊಸರು ಮೀಮಾಂಸೆ ಅಥವಾ ಚತುಸ್ತಾಲ್ಲೂಕು ಮಿತವ್ಯಯ ದರ್ಶನ

ಉಪೋದ್ಘಾತ

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ತಾಳೆಯೋಲೆಯ ಕಟ್ಟನ್ನು ಬಿಚ್ಚಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚು ಹಾಕಿಸಿದ ಲಾಗಾಯ್ತು, ಆ ಗ್ರಂಥದಲ್ಲಿ ಇಲ್ಲದ ವಿಷಯವೇ ಇಲ್ಲವೆಂಬ ಹೆಮ್ಮೆಯೊಂದು ನಮ್ಮ ವಿದ್ವಜ್ಜನರಲ್ಲಿ ಬೇರೂರಿರುವುದು. ತೂಕದ ಬಟ್ಟುಗಳನ್ನು ಪರೀಕ್ಷಿಸಲು ಅಲ್ಲಿ ಪೌತವಾಧ್ಯಕ್ಷನುಂಟು. ಸರಕಿನ ಧಾರಣೆಯನ್ನು ನೋಡಿಕೊಳ್ಳಲು ಪಣ್ಯಾಧ್ಯಕ್ಷನುಂಟು. ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ ಸರಕಿಗೆ ನೂರಕ್ಕೆ 10ರಂತೆ ವರ್ತಕನ ಲಾಭವನ್ನು ಕಟ್ಟುಮಾಡಿದ ವಿಧಿಯೂ ಉಂಟು. ಆದರೆ 15 ಅಧಿಕರಣಗಳನ್ನೂ ದೀಪವಿಟ್ಟುಕೊಂಡು ಹುಡುಕಿದರೂ, ಇಪ್ಪತ್ತು ರೂಪಾಯಿನ ತರಕಾರಿ ಕೊಂಡ ಗೃಹಿಣಿಗೆ ಒಂದು ಕಡ್ಡಿ ಕರಿಬೇವು ಪುಕ್ಕಟೆಯಾಗಿ ಸಲ್ಲತಕ್ಕದ್ದೋ ಅಲ್ಲವೋ ಎಂಬ ಬಗೆಗೆ ಒಂದೇ ಒಂದು ಸೂತ್ರವೂ ಕಾಣಬರುವುದಿಲ್ಲ. ಚಂದ್ರಗುಪ್ತನ ಮಂತ್ರಿಯಾದವನು ತಾನೇ ಚೀಲ ಹಿಡಿದು ಸಂತೆಗೆ ಹೋಗುತ್ತಿರಲಿಲ್ಲವಾಗಿ, ಈ ಲೋಪವು ಕ್ಷಮ್ಯ. ಎರಡು ಸಹಸ್ರ ವರ್ಷಗಳ ಆ ಕೊರತೆಯನ್ನು ಎರಡು ಹಾಳೆಗಳಲ್ಲಿ, ಅದೂ ಒಂದು ಮಗ್ಗುಲು ಮುಂಚೆಯೇ ಬಳಕೆಯಾಗಿರುವ ಹಾಳೆಗಳಲ್ಲಿ, ತುಂಬಿಕೊಡುವುದೇ ಪ್ರಕೃತ ಪ್ರಬಂಧದ ಉದ್ದೇಶ.

ಕ್ಷೇತ್ರನಿರ್ಣಯ

ಮಿತವ್ಯಯದ ಅಧ್ಯಯನಕ್ಕೆ ಕೋಲಾರ ಸೀಮೆಯನ್ನೇ ಆರಿಸಿಕೊಂಡುದೇಕೆಂದು ವಾಚಕರು ಕೇಳಬಹುದು. ಕಾರಣವು ಸ್ಪಷ್ಟವಾಗಿದೆ. ನೂರಿಪ್ಪತ್ತು ವರ್ಷಗಳ ಕಾಲ ನೆಲದೊಳಗಿನ ಚಿನ್ನವನ್ನು ಲೋಕಕ್ಕೆಲ್ಲ ಹಂಚಿ, 2001ನೆಯ ಇಸವಿಯ ಫೆಬ್ರವರಿ 28ರಂದು ಗಣಿಯ ಬಾಗಿಲು ಮುಚ್ಚಿದ ಮೇಲೂ, ಜಿಲ್ಲೆಯ ನಿಜವಾದ ಭಂಡಾರವು ಸಾಸಿವೆ ಡಬ್ಬಿಯಲ್ಲಿ ಯಥಾಸ್ಥಿತವಾಗಿ ಉಳಿದುಕೊಂಡಿರುವ ಪ್ರದೇಶ ಇದು. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಈ ನಾಡಿನ ಕೆರೆಗಳಿಗೆ 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು, ಎಂದರೆ ಬೆಂಗಳೂರಿನವರು ಒಮ್ಮೆ ಮಿಂದು, ತೊಳೆದು, ಚೆಲ್ಲಿ, ಬಳಿಕ ಯಂತ್ರಗಳು ಶುದ್ಧೀಕರಿಸಿದ ನೀರು, ಹರಿದು ಬರುತ್ತಿರುವುದು. ಅಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸುವ ಗೃಹಸ್ಥರು ಎಲ್ಲೆಡೆಯೂ ಇದ್ದಾರೆ. ಅಣ್ಣನ ಸ್ನಾನದ ನೀರನ್ನು ತಮ್ಮನ ಕೆರೆಗೆ ತುಂಬಿಸಿಕೊಂಡ ಜಿಲ್ಲೆಯೆದುರು ಮಿತವ್ಯಯದ ಮಾತಿನಲ್ಲಿ ಯಾರು ತಾನೆ ತಲೆಯೆತ್ತಿಯಾರು?

ಪ್ರಮಾಣಪುರುಷರನ್ನು ಆರಿಸುವಲ್ಲಿ ಮಾತ್ರ ನಮಗೆ ಕಷ್ಟವುಂಟಾಯಿತು. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ.ಜಿ.ಯವರು, ಜನರು ಪ್ರೀತಿಯಿಂದ ಅರ್ಪಿಸಿದ ಗೌರವನಿಧಿಯನ್ನು ಹಾಗೆಯೇ ಗೋಖಲೆ ಸಂಸ್ಥೆಗೆ ಒಪ್ಪಿಸಿಬಿಟ್ಟುದರಿಂದ, ಈ ಶಾಸ್ತ್ರದ ದೃಷ್ಟಿಯಲ್ಲಿ ಅನುಸರಣೀಯರಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿಯವರು ದೊಡ್ಡ ಸಂಗತಿಗಳನ್ನು ಸಣ್ಣ ಕಥೆಗಳಲ್ಲಿ ಹೇಳಿ ಬಹಳ ಕಾಗದವನ್ನು ಉಳಿಸಿದರೆಂಬುದು ನಿಜವಾದರೂ, ಉಳಿಸಿದುದನ್ನೆಲ್ಲ ಅನಂತರ ‘ಚಿಕವೀರ ರಾಜೇಂದ್ರ’ದಲ್ಲಿ ಧಾರಾಳವಾಗಿ ವೆಚ್ಚಮಾಡಿದರು. ಆದಕಾರಣ, ಮುಳಬಾಗಿಲಿನಲ್ಲಿರುವ ನಮ್ಮ ಸೋದರತ್ತೆಯವರನ್ನೇ ಈ ದರ್ಶನದ ಪರಮಪ್ರಮಾಣವೆಂದು ಅಂಗೀಕರಿಸಿದ್ದೇವೆ.

ಅವರದು ಗುರುಪರಂಪರೆಯಿಂದ ಬಂದ ವಿದ್ಯೆ. 1957ರ ಏಪ್ರಿಲ್ 1ರಂದು ನಯಾಪೈಸೆ ಚಲಾವಣೆಗೆ ಬಂದಾಗ, ಒಂದಾಣೆಗೆ 6 ನಯಾಪೈಸೆ, ನಾಲ್ಕಾಣೆಗೆ 25 ಎಂಬ ಕೋಷ್ಟಕವು ಅಂಗಡಿಯಂಗಡಿಗಳಲ್ಲೂ ತೂಗಿತು. ನಾಲ್ಕಾಣೆಯ ಬೆಲ್ಲವನ್ನು ಒಂದೇ ಸಲ ತಂದರೆ 25. ಒಂದೊಂದಾಣೆಯದಾಗಿ ನಾಲ್ಕು ಸಲ ತಂದರೆ ನಾಲ್ಕಾರಲಿ 24. ಸರಕಾರದ ಗಣಿತಜ್ಞರು ಕಡೆಗಣಿಸಿದ ಆ ಒಂದು ನಯಾಪೈಸೆಯನ್ನು ನಮ್ಮ ಅಜ್ಜಿಯವರು ಆ ದಿನದ ಸಂಜೆಯೊಳಗಾಗಿ ಕಂಡುಹಿಡಿದು, ಆಗ ಲಂಗ ಉಟ್ಟ ಬಾಲಿಕೆಯಾಗಿದ್ದ ಅತ್ತೆಯವರನ್ನು ಶೆಟ್ಟರ ಅಂಗಡಿಗೆ ನಾಲ್ಕು ಬಾರಿ ಅಟ್ಟಿದರು. ಕಾಲಿಗೆ ಚಪ್ಪಲಿಯೇ ಇರಲಿಲ್ಲವಾದ್ದರಿಂದ ಸವೆತದ ಬಾಬ್ತು ಲೆಕ್ಕಕ್ಕೆ ಬರಲಿಲ್ಲ.

ನಿರುಕ್ತ

ಕೊಸರು ಎಂದರೇನು? ಅಳೆದದ್ದರ ಮೇಲೆ ಅಳೆಯದೆ ಹಾಕುವುದು, ಕೊಂಡದ್ದರ ಮೇಲೆ ಕೊಳ್ಳದೆ ಪಡೆಯುವುದು, ಇದು ಸಾಮಾನ್ಯ ಲಕ್ಷಣ. ಈ ಶಬ್ದವು ಕನ್ನಡದ್ದೋ ತೆಲುಗಿನದೋ ಎಂಬ ವ್ಯಾಜ್ಯವು ಬೇರೆಡೆ ಪಂಡಿತರನ್ನು ಕಾದಾಡಿಸಬಹುದಾಗಿತ್ತು. ಆದರೆ ಬೆಲೆಯನ್ನು ಕನ್ನಡದಲ್ಲಿ ಕೇಳಿ, ಚೌಕಾಸಿಯನ್ನು ತೆಲುಗಿನಲ್ಲಿ ನಡೆಸಿ, ‘ಕೊಸರು ವೆಯ್ಯಮ್ಮಾ’ ಎಂದು ಚೀಲ ಒಡ್ಡಿ, ಮರಳಿ ಕನ್ನಡದಲ್ಲಿ ಚಿಲ್ಲರೆ ಎಣಿಸಿಕೊಳ್ಳುವ ಕೋಲಾರದ ಜನರು, ಪುಕ್ಕಟೆ ಬರುವ ವಸ್ತುವಿಗೆ ಕುಲಗೋತ್ರ ವಿಚಾರಿಸಲಾಗದೆಂದು ಆ ವ್ಯಾಜ್ಯವನ್ನು ಎಂದೋ ಇತ್ಯರ್ಥಪಡಿಸಿರುವರು. ನಮ್ಮ ಭಾಷೆಯಲ್ಲಿ ‘ಕೊಸರಾಡು’ ಎಂಬ ಕ್ರಿಯಾಪದವೂ ಉಂಟು. ಹಿಡಿತದಿಂದ ಬಿಡಿಸಿಕೊಳ್ಳಲು ಎಳೆದಾಡುವುದೆಂದು ಅದರ ಅರ್ಥ. ಕೊಳ್ಳುವವಳು ಕೊಸರಿಗಾಗಿ ನಿಲ್ಲುವಳು, ಮಾರುವವಳು ಕೊಸರಾಡುವಳು. ಎರಡು ಪದಗಳಿಗೂ ಧಾತುಸಂಬಂಧವನ್ನು ವೈಯಾಕರಣರು ಒಪ್ಪದಿದ್ದರೂ ಸಂತೆಯು ಒಪ್ಪಿದೆ.

ನಾಲ್ಕು ಪಂಥಗಳು

ತಾಲ್ಲೂಕುಭೇದದಿಂದ ಕೊಸರು ನಾಲ್ಕು ವಿಧ.

ಕೋಲಾರದ್ದು ಗುಡ್ಡೆಪಂಥ. ಇಲ್ಲಿ ತಕ್ಕಡಿಗಿಂತ ಕಣ್ಣು ಪ್ರಮಾಣ. ಗೋಣಿಯ ಮೇಲೆ ಗುಡ್ಡೆಗಳು ಸಾಲಾಗಿರಲು, ಎಲ್ಲಕ್ಕೂ ಬೆಲೆ ಒಂದೇ ಆಗಿರುವಲ್ಲಿ, ಯಾವ ಗುಡ್ಡೆಯ ಅಡಿಯಲ್ಲಿ ಕೊಳೆತದ್ದು ಅಡಗಿದೆಯೆಂಬುದನ್ನು ಮುಟ್ಟದೆಯೇ ಊಹಿಸುವುದು ಅನುಮಾನಪ್ರಮಾಣ. ಆರಿಸಿದ ಗುಡ್ಡೆಗೆ ಪಕ್ಕದ ಗುಡ್ಡೆಯಿಂದ ಒಂದು ಹಣ್ಣನ್ನು ಮಾರುವವಳ ಕೈಯಿಂದಲೇ ದಾಟಿಸುವುದು ಕೊಸರು.

ಮಾಲೂರಿನದು ಮೊಳಪಂಥ. ಮಲ್ಲಿಕಾಪುರವೆಂಬ ಹೆಸರಿತ್ತೆಂದು ಪ್ರತೀತಿಯುಳ್ಳ ಊರಿಗೆ ಹೂವಿನ ಅಳತೆಯೇ ಶೋಭಿಸುವುದು. ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ. ಆದರೆ ಯಾರ ಮೊಣಕೈ? ದಶಮಾನ ಪದ್ಧತಿಯು ಸೇರು, ಪಾವು, ಚಟಾಕುಗಳನ್ನೆಲ್ಲ ಪದಚ್ಯುತಗೊಳಿಸಿ ಆರು ದಶಕಗಳಾದರೂ, ಹೂವಾಡಗಿತ್ತಿಯ ತೋಳನ್ನು ತಿದ್ದಲು ಯಾವ ಶಾಸನಕ್ಕೂ ಧೈರ್ಯ ಬಂದಿಲ್ಲ. ಶ್ರೀರಾಮನನ್ನು ಆಜಾನುಬಾಹುವೆಂದು ಕವಿಗಳು ಹೊಗಳಿದುದು ಶೌರ್ಯಕ್ಕಾಗಿ ಎಂದು ಇದುವರೆಗೆ ನಾವು ಭಾವಿಸಿದ್ದೆವು. ಮಾಲೂರಿನ ಗೃಹಿಣಿಯರ ಮತದಲ್ಲಿ ಅದು ಹೂವು ಮಾರುವವರಿಗೆ ಇರಬೇಕಾದ ಪ್ರಥಮ ಯೋಗ್ಯತೆ.

ಮುಳಬಾಗಿಲಿನದು ಚಟ್ನಿಪಂಥ. ಆ ಊರಿನ ಹೆಸರು ಹೊತ್ತ ದೋಸೆಯು ಇಂದು ಬೆಂಗಳೂರಿನ ಫಲಕಗಳನ್ನೆಲ್ಲ ಏರಿ ಕುಳಿತಿದೆ. ಇಲ್ಲಿಯ ಶಾಸ್ತ್ರಾರ್ಥವು ಅತ್ಯಂತ ಸೂಕ್ಷ್ಮವಾದುದು: ದೋಸೆ ಮುಗಿದು ಚಟ್ನಿ ಉಳಿದರೆ ದೋಸೆಯನ್ನು ಕೊಳ್ಳಬೇಕು, ಚಟ್ನಿ ಮುಗಿದು ದೋಸೆ ಉಳಿದರೆ ಚಟ್ನಿಯನ್ನು ಕೇಳಬೇಕು. ಮೊದಲನೆಯದಕ್ಕೆ ಹಣ ಬೇಕು, ಎರಡನೆಯದಕ್ಕೆ ಮುಖ ಬೇಕು. ಜಾಣನಾದವನು ಎಂದಿಗೂ ಚಟ್ನಿಯನ್ನೇ ಮುಂಚೆ ಮುಗಿಸುವನು.

ಶ್ರೀನಿವಾಸಪುರದ್ದು ಗೊರಟೆಪಂಥ. ಬಾದಾಮಿ, ರಸಪುರಿ, ಮಲ್ಲಿಕಾ, ನೀಲಂಗಳ ಮಂಡಿಯಲ್ಲಿ ಹಣ್ಣಿನೊಡನೆ ಗೊರಟೆಯೂ ತೂಗಲ್ಪಡುವುದಾದಕಾರಣ, ಹಣ ಕೊಟ್ಟು ಕೊಂಡ ಗೊರಟೆಯನ್ನು ಎಸೆಯುವುದು ಈ ಪಂಥದವರಿಗೆ ಪಾತಕ. ಹಣ್ಣಿನ ಹೋಳು ಅತಿಥಿಗೆ, ಗೊರಟೆಯ ಗೊಜ್ಜು ಮನೆಯವರಿಗೆ, ಸಿಪ್ಪೆ ಹಸುವಿಗೆ, ಕಡೆಗೆ ಒಣಗಿದ ಗೊರಟೆ ಒಲೆಗೆ ಎಂಬ ಚತುರ್ವಿಧ ವಿನಿಯೋಗವನ್ನು ಅಲ್ಲಿಯ ಹಿರಿಯರು ಬಲ್ಲರು.

ಕೂಪನ್ ಎಂಬ ಪೂರ್ವಪಕ್ಷ

ಈ ಸನಾತನ ಮಾರ್ಗಕ್ಕೆ ಪ್ರತಿಯಾಗಿ ಪಾಶ್ಚಾತ್ಯರಿಂದ ಬಂದುದು ಕೂಪನ್ ಮತ. ಕತ್ತರಿಸು ಎಂಬರ್ಥದ ಫ್ರೆಂಚ್ ಧಾತುವಿನಿಂದ ಈ ಶಬ್ದವು ನಿಷ್ಪನ್ನವಾಯಿತೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಕತ್ತರಿ ಬೀಳುವುದು ಕಾಗದಕ್ಕೋ ಜೇಬಿಗೋ ಎಂಬುದನ್ನು ಅವರು ಬಿಡಿಸಿ ಹೇಳುವುದಿಲ್ಲ. ಕೂಪವೆಂದರೆ ಬಾವಿ ಎಂದು ಬಲ್ಲ ನಮ್ಮ ಸಂಸ್ಕೃತಜ್ಞರು ಅಷ್ಟು ದೂರ ಹೋಗಬೇಕಾದುದೇ ಇಲ್ಲ.

ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ನೇಕಾರರೇ ಮೊದಲಾದವರು 1844ರಲ್ಲಿ ತಾವೇ ಅಂಗಡಿ ತೆರೆದು, ಕೊಂಡವರಿಗೇ ಲಾಭವನ್ನು ಹಂಚಿದುದು ಗೌರವಾರ್ಹವೇ. ಆದರೆ ಅತ್ತೆಯವರ ಕೈಗೆ ವೃತ್ತಪತ್ರಿಕೆಯೊಳಗಿನಿಂದ ಜಾರಿಬಿದ್ದ ಚೀಟಿಯು ಆ ವಂಶದ್ದಲ್ಲ. ‘500 ರೂಪಾಯಿನ ಖರೀದಿಗೆ 50 ರೂಪಾಯಿ ರಿಯಾಯಿತಿ’ ಎಂದು ಕೋಲಾರದ ಒಂದು ದೊಡ್ಡ ಅಂಗಡಿ ಅದರಲ್ಲಿ ಸಾರಿತ್ತು. ‘ಮೂವತ್ತು ಕಿಲೋಮೀಟರಿನ ಬಸ್ ಚಾರ್ಜು ರಿಯಾಯಿತಿಯನ್ನು ನುಂಗಿಹಾಕುತ್ತದೆ, ಅತ್ತೆ’ ಎಂದು ನಾವು ಅಖಂಡನೀಯವಾದ ವಾದವೊಂದನ್ನು ಮಂಡಿಸಿದೆವು. ಅದು 2023ರ ಜೂನ್ 11ಕ್ಕಿಂತ ಮೊದಲು ಅಖಂಡನೀಯವಾಗಿತ್ತು. ಅಂದಿನಿಂದ ಶಕ್ತಿ ಯೋಜನೆಯು ಹೆಂಗಸರಿಗೆ ಸರಕಾರಿ ಬಸ್ಸನ್ನು ಉಚಿತವಾಗಿಸಿತೆಂಬುದನ್ನು ಮರೆತ ನಮ್ಮನ್ನು ಅವರು ಕರುಣೆಯಿಂದ ನೋಡಿ, ‘ನಂಗೆ ಚಾರ್ಜೇ ಇಲ್ಲ ಕಣೋ. ಚೀಲ ಹೊರೋಕೆ ನೀನೂ ಬಾ’ ಎಂದರು. ನಮ್ಮ ಟಿಕೆಟ್ಟಿನ ಹಣವು ಇಂದಿಗೂ ಯಾವ ಖಾತೆಯಲ್ಲೂ ಜಮೆಯಾಗಿಲ್ಲ.

ಮನೆಗೆ ಬೇಕಾದುದು 312 ರೂಪಾಯಿನ ಸಾಮಾನು. 500 ಮುಟ್ಟಿಸಲು ಇನ್ನೂ 188ರ ಕೊರತೆ. ಅದನ್ನು ನೀಗಿಸಲು ನೆಲ ಒರೆಸುವ ಪರಿಮಳದ ದ್ರಾವಣದ ಒಂದು ಶೀಷೆಯೂ, ಅದರೊಡನೆ ಉಚಿತವಾದ ಇನ್ನೊಂದು ಶೀಷೆಯೂ, ಯಾರೂ ತಿನ್ನದ ಬಿಸ್ಕತ್ತೂ ಚೀಲವನ್ನು ಸೇರಿದವು. 50ನ್ನು ಕಳೆದು 450 ತೆತ್ತಾಗ, 50 ರೂಪಾಯಿ ಉಳಿಸುವುದಕ್ಕೆ 138 ರೂಪಾಯಿ ಹೆಚ್ಚು ವೆಚ್ಚವಾಯಿತೆಂದು ಸಿದ್ಧವಾಯಿತು. ಬಿಲ್ಲಿನ ಅಡಿಯಲ್ಲಿ ಮತ್ತೊಂದು ಕೂಪನ್ನು ಅಂಟಿಕೊಂಡಿತ್ತು: ‘ಮುಂದಿನ ಖರೀದಿಯಲ್ಲಿ ಮಾತ್ರ ಸಲ್ಲುವುದು.’ ಅದನ್ನು ಓದಿದೊಡನೆಯೇ ಕರ್ಮಸಿದ್ಧಾಂತವು ನಮಗೆ ಅಂಗೈನೆಲ್ಲಿಯಂತೆ ಸ್ಪಷ್ಟವಾಯಿತು. ಅಂಗಡಿಯ ಕಾರ್ಡಿನಲ್ಲಿ ಸೇರುತ್ತ ಹೋಗುವ ಅಂಕಗಳೇ ಸಂಚಿತ. ಇಂದು ಅನುಭವಿಸಿದ ರಿಯಾಯಿತಿಯೇ ಪ್ರಾರಬ್ಧ. ಮುಂದಿನ ಖರೀದಿಯ ಚೀಟಿಯೇ ಆಗಾಮಿ. ಖರೀದಿಯಿಂದ ಕೂಪನ್, ಕೂಪನ್ನಿನಿಂದ ಖರೀದಿ. ಇದರಿಂದ ಬಿಡುಗಡೆ ಹೊಂದಿದವನೇ ಜೀವನ್ಮುಕ್ತ.

ಪೊಟ್ಟಣಗಳ ಮೇಲೆ ಗರಿಷ್ಠ ಮಾರಾಟ ಬೆಲೆಯನ್ನು ಅಚ್ಚುಮಾಡಿದ ಈ ಯುಗದಲ್ಲಿ ಪೊಟ್ಟಣವೇ ಕೊಸರು ಕೊಟ್ಟ ಉದಾಹರಣೆಯೂ ಉಂಟು. 2024ರ ಜೂನ್ 26ರಿಂದ ನಂದಿನಿ ಹಾಲಿನ ಪೊಟ್ಟಣಕ್ಕೆ 50 ಮಿಲಿಲೀಟರು ಹೆಚ್ಚಾಗಿ ಸೇರಿತು; ಜೊತೆಗೆ 2 ರೂಪಾಯಿ ಬೆಲೆಯೂ ಸೇರಿತು. 2025ರ ಏಪ್ರಿಲ್ 1ರಂದು ಆ 50 ಮಿಲಿಲೀಟರು ಹೊರಟುಹೋಯಿತು. ಬೆಲೆ ಮಾತ್ರ ಹೋಗದೆ, ಇನ್ನಷ್ಟು ಬೆಳೆಯಿತು. ಹಣ ತೆತ್ತು ಪಡೆದುದು ಕೊಸರೇ ಅಲ್ಲವೆಂದು ಅತ್ತೆಯವರು ಮೊದಲ ದಿನವೇ ಭಾಷ್ಯ ಬರೆದಿದ್ದರು.

ಸಿದ್ಧಾಂತ

ಹಾಗಾದರೆ ಕೊಸರು ಹೆಚ್ಚೋ ಕೂಪನ್ ಹೆಚ್ಚೋ ಎಂಬ ಪ್ರಶ್ನೆಯನ್ನು ನಾವು ಕೋಲಾರದ ಟೊಮ್ಯಾಟೊ ಗುಡ್ಡೆಯ ಮುಂದೆ ನಿಂತು ಬಿಡಿಸಿಕೊಂಡೆವು. 2023ರ ಜುಲೈ ತಿಂಗಳಲ್ಲಿ ಇಲ್ಲಿಯ ಎ.ಪಿ.ಎಂ.ಸಿ.ಯಲ್ಲಿ 15 ಕಿಲೋ ಟೊಮ್ಯಾಟೊ ಬಾಕ್ಸಿನ ಬೆಲೆ 2,000 ರೂಪಾಯಿಯನ್ನು ದಾಟಿದ್ದ ಕಾಲದಲ್ಲಿ, ಅತ್ತೆಯವರು ನಾಲ್ಕು ಹಣ್ಣಿಗಾಗಿ ಕಾಲು ಗಂಟೆ ಚೌಕಾಸಿ ಮಾಡಿ, ಐದನೆಯದನ್ನು ಗೆದ್ದು ತಂದುದನ್ನು ಕಣ್ಣಾರೆ ಕಂಡಿದ್ದೆವು. ಆದರೆ ಅದೇ ಬಾಕ್ಸು, ಬಿಡಿಸಿದ ಕೂಲಿಯೂ ಸಾಗಿಸಿದ ಬಾಡಿಗೆಯೂ ಹುಟ್ಟದೆ, ಬೆಳೆದವನ ಕೈಯಿಂದಲೇ ರಸ್ತೆಯ ಪಕ್ಕಕ್ಕೆ ಸುರಿಯಲ್ಪಡುವ ದಿನಗಳೂ ಈ ನೆಲಕ್ಕೆ ಹೊಸವಲ್ಲ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲೆಯ ಆಡಳಿತವು ನಮ್ಮ ತೋತಾಪುರಿಯನ್ನು ಗಡಿಯಲ್ಲೇ ತಡೆದಾಗ ಶ್ರೀನಿವಾಸಪುರವು ಪಟ್ಟ ಪಾಡೂ ಅದೇ ಜಾತಿಯದು. ಅಂತಹ ಒಂದು ದಿನ ಹತ್ತು ರೂಪಾಯಿಗೆ ಮಂಕರಿಯಷ್ಟು ಹಣ್ಣು ಒಡ್ಡಿಕೊಂಡು ಕುಳಿತಿದ್ದ ಮುದುಕಿಗೆ ಅತ್ತೆಯವರು ಒಂದು ಮಾತೂ ಆಡದೆ ಇಪ್ಪತ್ತರ ನೋಟು ಕೊಟ್ಟು, ಚಿಲ್ಲರೆ ಕೇಳದೆ, ಕೊಸರಿಗೂ ನಿಲ್ಲದೆ ಹೊರಟುದನ್ನು ಕಂಡು, ನಮ್ಮ ಪ್ರಮಾಣವೇ ಭ್ರಷ್ಟವಾಯಿತಲ್ಲಾ ಎಂದು ನಾವು ದಿಗ್ಭ್ರಾಂತರಾದೆವು.

‘ಇದೇನತ್ತೆ, ಶಾಸ್ತ್ರಕ್ಕೆ ವಿರುದ್ಧ?’ ಎಂದೆವು.

‘ಕೊಸರನ್ನ ಅವಳ ಹತ್ರ ಇದ್ದಾಗ ಕೇಳ್ಬೇಕು ಕಣೋ. ಇಲ್ದಾಗ ಕೇಳಿದ್ರೆ ಅದು ಕದ್ದ ಹಾಗೆ’ ಎಂದರು. ‘ಬಾಯಿ ಮುಚ್ಕೊಂಡು ಚೀಲ ಹಿಡಿ.’

ಕೌಟಿಲ್ಯನಲ್ಲಿ ಕಾಣದ ಸೂತ್ರವು ಹೀಗೆ ದೊರಕಿತು. ಕೊಡುವವಳ ಮುಖವನ್ನು ನೋಡಿ ಕೇಳುವುದು ಕೊಸರು; ಮುಖವೇ ಇಲ್ಲದ ಕಡೆಯಿಂದ ಬರುವುದು ಕೂಪನ್. ಯಾವಾಗ ಕೇಳಬಾರದೆಂಬ ವಿವೇಕವು ಮೊದಲನೆಯದರೊಳಗೇ ಅಡಕವಾಗಿದೆ. ಎರಡನೆಯದಕ್ಕೆ ಅವಧಿ ಮುಗಿಯುವ ತಾರೀಖೊಂದೇ ವಿವೇಕ. ಇಷ್ಟನ್ನು ನಾವು ಮನಸ್ಸಿನಲ್ಲಿ ಪೋಣಿಸಿಕೊಳ್ಳುತ್ತಿರುವಷ್ಟರಲ್ಲಿ ಆ ಮುದುಕಿ ಹಿಂದಿನಿಂದ ಓಡಿಬಂದು, ನಾಲ್ಕು ಹಣ್ಣನ್ನೂ ಒಂದು ಹಿಡಿ ಕೊತ್ತಂಬರಿಯನ್ನೂ ನಾವು ಹಿಡಿದ ಚೀಲಕ್ಕೆ ತುರುಕಿ ಹೋದಳು. ಅತ್ತೆಯವರು ಕೊತ್ತಂಬರಿಯ ಬೇರನ್ನು ಮೂಸಿ ನೋಡಿ, ‘ನಿನ್ನೇದು’ ಎಂದು ನಿರ್ಣಯಿಸಿ, ಆದರೂ ಹಿಂತಿರುಗಿಸಲಿಲ್ಲ.

ಫಲಶ್ರುತಿ

ಈ ಮೀಮಾಂಸೆಯನ್ನು ಪತ್ರಿಕೆ ಕೊಂಡು ಓದಿದವರಿಗೆ ಅರ್ಧ ಫಲ. ನೆರೆಮನೆಯಿಂದ ಎರವಲು ತಂದು ಓದಿದವರಿಗೆ ಪೂರ್ಣ ಫಲ. ಎರವಲು ತಂದುದನ್ನು ಹಿಂತಿರುಗಿಸದೆ ರದ್ದಿಗೆ ಹಾಕಿದವರಿಗೆ ಫಲದ ಮೇಲೆ ಕೊಸರು. ಇತಿ ಚತುಸ್ತಾಲ್ಲೂಕು ಮಿತವ್ಯಯ ದರ್ಶನದಲ್ಲಿ ಕೊಸರು ಮೀಮಾಂಸೆಯೆಂಬ ಪ್ರಥಮಾಧ್ಯಾಯವು ಸಮಾಪ್ತಿಯಾದುದು. ದ್ವಿತೀಯಾಧ್ಯಾಯವನ್ನು, ಹಾಳೆಯ ಇನ್ನೊಂದು ಮಗ್ಗುಲಿನಲ್ಲಿ ಅತ್ತೆಯವರು ಹಾಲಿನ ಲೆಕ್ಕ ಬರೆದಿಟ್ಟಿರುವುದರಿಂದ, ಬರೆಯಲಾಗಲಿಲ್ಲ.